ಕಚ್ಚಿಕೊಂಡ ಕ್ರ್ಯಾಂಕು



ಮುದ್ದೇನಹಳ್ಳಿಯ ಹೆಸರೆತ್ತಿ ಮಾತು ಶುರು ಮಾಡಿದವರು ಸರ್ ಎಂ. ವಿಶ್ವೇಶ್ವರಯ್ಯನವರ ಹತ್ತಿರ ಹೋಗಿ ನಿಲ್ಲಬೇಕು ಎಂಬುದು ನಮ್ಮ ಕಡೆಯ ರೂಢಿ. ನಾನೂ ಅಲ್ಲಿಗೆ ಬರುತ್ತೇನೆ, ಸ್ವಲ್ಪ ತಡವಾಗಿ. ಅದಕ್ಕೆ ಮೊದಲು ಅವರ ಊರಿನ ಹಿತ್ತಿಲುಗಳ ಕಡೆ ಹೋಗಿಬರೋಣ.

ಮುದ್ದೇನಹಳ್ಳಿ, ನಂದಿ, ಸುಲ್ತಾನಪೇಟೆ, ಈ ಸುತ್ತಿನ ಯಾವ ಊರಿಗೇ ಹೋಗಿ, ದನದ ಕೊಟ್ಟಿಗೆಯ ಗೋಡೆಗೋ ರೇಷ್ಮೆ ಹುಳದ ಮನೆಯ ಗೋಡೆಗೋ ಒರಗಿಸಿಟ್ಟ ಒಂದು ಕರೀ ಸೈಕಲ್ಲು ಕಣ್ಣಿಗೆ ಬಿದ್ದೇ ಬೀಳುತ್ತದೆ. ಟೈರಿನಲ್ಲಿ ಗಾಳಿ ಇಲ್ಲ. ಸೀಟಿನ ಚರ್ಮ ಹರಿದು ಸ್ಪ್ರಿಂಗು ಇಣುಕುತ್ತಿದೆ. ಚೈನ್ ಕವರಿನ ಮೇಲೆ ಕೋಳಿ ಕೂತಿದೆ. ಹೆಸರು ಓದಿದರೆ ಹರ್ಕ್ಯುಲಿಸ್, ಅಟ್ಲಾಸ್, ಹೀರೊ, ಏವನ್. ಪುಣ್ಯವಿದ್ದರೆ ಒಂದು ರ‍್ಯಾಲಿ. ಹರ್ಕ್ಯುಲಿಸ್ ಮದ್ರಾಸಿನ ಅಂಬತ್ತೂರಿನಲ್ಲಿ 1949ರಲ್ಲಿ ಹುಟ್ಟಿದ ಟಿ.ಐ. ಸೈಕಲ್ಸ್ ಕಂಪನಿಯದು. ಅಟ್ಲಾಸ್ 1951ರಿಂದ ಸೋನಿಪತ್ತಿನದು. ಹೀರೊ 1956ರಿಂದ ಲೂಧಿಯಾನದ್ದು. ಊರು ಯಾವುದಾದರೂ ಆಗಲಿ, ಮೈಕಟ್ಟು ಒಂದೇ: 22 ಇಂಚಿನ ಫ್ರೇಮು, 28 ಇಂಚಿನ ಚಕ್ರ, ರಾಡ್ ಬ್ರೇಕು, ಹಿಂದೆ ಒಂದು ಮೂಟೆ ತಡೆಯುವ ಕ್ಯಾರಿಯರ್ರು.

ಈ ಸೈಕಲ್ಲುಗಳು ಬರೀ ಮನುಷ್ಯರನ್ನು ಹೊತ್ತಿದ್ದರೆ ಇವತ್ತಿನ ಮಾತೇ ಬೇಕಾಗಿರಲಿಲ್ಲ. ಬೆಳಿಗ್ಗೆ ಡೈರಿಗೆ ಹಾಲಿನ ಕ್ಯಾನು, ಆಮೇಲೆ ತೋಟದಿಂದ ಹಿಪ್ಪುನೇರಳೆ ಸೊಪ್ಪಿನ ಹೊರೆ, ಹುಳ ಹಣ್ಣಾಗಿ ಗೂಡು ಕಟ್ಟಿದ ಮೇಲೆ ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡಿನ ಚೀಲ. ಸೊಪ್ಪಿನ ಹೊರೆ ಕಟ್ಟಿದ ಸೈಕಲ್ಲು ದೂರದಿಂದ ಬರುವಾಗ ಸೈಕಲ್ಲೂ ಕಾಣುತ್ತಿರಲಿಲ್ಲ, ಸವಾರನೂ ಕಾಣುತ್ತಿರಲಿಲ್ಲ. ಒಂದು ಪೊದೆ ರಸ್ತೆಯಲ್ಲಿ ತಾನಾಗಿ ಬಂದ ಹಾಗಿರುತ್ತಿತ್ತು. ವರ್ಷ ವರ್ಷ ಮುನಿಸಿಪಾಲಿಟಿಗೆ ದುಡ್ಡು ಕಟ್ಟಿ ಬಿಲ್ಲೆ ಹಾಕಿಸಿಕೊಂಡು, ಕತ್ತಲಲ್ಲಿ ದೀಪವಿಲ್ಲದೆ ಸಿಕ್ಕಿಬಿದ್ದು ಪೊಲೀಸರ ಕೈಲಿ ಬೈಸಿಕೊಂಡು, ಮನೆಯ ಮೂರು ತಲೆಮಾರಿಗೆ ಒಳಪೆಡ್ಲು ಕಲಿಸಿ, ಕೊನೆಗೆ ಮೊಪೆಡ್ಡು ಬಂದ ಮೇಲೆ ಗೋಡೆ ಸೇರಿದವು. ಅವುಗಳ ಪಕ್ಕಕ್ಕೆ ಇತ್ತೀಚೆಗೆ ಇನ್ನೊಂದು ಪೀಳಿಗೆಯೂ ಬಂದು ಒರಗಿದೆ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಕೊಡಲು ಶುರು ಮಾಡಿದ ಸೈಕಲ್ಲುಗಳವು. ಹುಡುಗಿಗೆ ಮದುವೆಯಾಗಿ ಮಗು ಆಗಿದೆ, ಸೈಕಲ್ಲು ತವರುಮನೆಯಲ್ಲೇ ಇದೆ.

ಇವುಗಳನ್ನು ಗುಜರಿಗೆ ಹಾಕಿದರೆ ತೂಕಕ್ಕೆ ಬರುವುದಿಷ್ಟೇ. ಬದಲಿಗೆ ಮೊಮ್ಮಗನೊಬ್ಬ ರಜಕ್ಕೆ ಬಂದವನು "ತಾತ, ಇದನ್ನ ರೆಡಿ ಮಾಡ್ಕೊಳ್ಳಲಾ?" ಎಂದು ಕೇಳುತ್ತಾನೆ. ತಾತನಿಗೂ ಆಸೆ. ಇಬ್ಬರೂ ಸೇರಿ ಕೂರುತ್ತಾರೆ. ಚಕ್ರ ಬಿಚ್ಚುತ್ತದೆ, ಹ್ಯಾಂಡಲು ನಾಲ್ಕು ಪೆಟ್ಟಿಗೆ ಸಡಿಲವಾಗುತ್ತದೆ, ಚೈನು ಕಡಿದರೂ ನಷ್ಟವಿಲ್ಲ, ಹೊಸದು ಸಿಗುತ್ತದೆ. ಆಮೇಲೆ ಕ್ರ್ಯಾಂಕಿನ ಹತ್ತಿರ ಬಂದು ಸಂಸಾರ ನಿಂತುಬಿಡುತ್ತದೆ. ಕ್ರ್ಯಾಂಕು ಕಚ್ಚಿಕೊಂಡಿದೆ. ಅದು ಬರದೆ ಒಳಗಿನ ಬಿ.ಬಿ. ಆಕ್ಸಲು, ಅಂದರೆ ಬಾಟಮ್ ಬ್ರಾಕೆಟ್ಟಿನ ಆಕ್ಸಲು, ಬರುವುದಿಲ್ಲ. ಆಕ್ಸಲು ಬರದೆ ಬೇರಿಂಗಿನ ಗುಂಡು ಬದಲಾಯಿಸುವ ಹಾಗಿಲ್ಲ, ಗ್ರೀಸು ತುಂಬುವ ಹಾಗಿಲ್ಲ. ಅಂಥ ಸೈಕಲ್ಲಿಗೆ ಎಷ್ಟು ಬಣ್ಣ ಹೊಡೆದರೂ ಪೆಡ್ಲು ತುಳಿದಾಗ ಮೆಣಸು ಅರೆದ ಸದ್ದು ಹೋಗುವುದಿಲ್ಲ.

ಕ್ರ್ಯಾಂಕು ಎಂದರೆ ಪೆಡ್ಲನ್ನೂ ನಡುವಿನ ಆಕ್ಸಲನ್ನೂ ಸೇರಿಸುವ ತೋಳು. ಈ ಹಳೇ ಜಾತಿಯ ಸೈಕಲ್ಲುಗಳಲ್ಲಿ ಆ ತೋಳು ಆಕ್ಸಲನ್ನು ಹಿಡಿದಿರುವುದು ಕಾಟರ್ ಪಿನ್ನಿನ ಬಲದಿಂದ. ಆಕ್ಸಲು ಸುಮಾರು 16 ಮಿಲಿಮೀಟರು ದಪ್ಪದ ಉಕ್ಕಿನ ಕಂಬಿ. ಅದರ ಎರಡು ತುದಿಯಲ್ಲೂ ಒಂದು ಮಗ್ಗುಲು ಕೊರೆದು ಚಪ್ಪಟೆ ಮಾಡಿರುತ್ತಾರೆ. ಕ್ರ್ಯಾಂಕಿನ ತಲೆಯಲ್ಲಿ ಆಕ್ಸಲಿಗೊಂದು ದೊಡ್ಡ ತೂತು, ಅದಕ್ಕೆ ಅಡ್ಡಲಾಗಿ, ಪಿನ್ನಿಗೊಂದು ಸಣ್ಣ ತೂತು. ಪಿನ್ನು ಒಂಬತ್ತೂವರೆ ಮಿಲಿಮೀಟರು. ಒಂದು ಮಗ್ಗುಲಲ್ಲಿ ಓರೆಯಾಗಿ ತಾಸಿದ ಬೆಣೆ ಅದು. ಅದನ್ನು ಅಡ್ಡ ತೂತಿನಲ್ಲಿ ಹೊಡೆದಾಗ ಓರೆ ಮಗ್ಗುಲು ಆಕ್ಸಲಿನ ಚಪ್ಪಟೆಯ ಮೇಲೆ ಬಿಗಿದು ಕೂರುತ್ತದೆ. ಸಣ್ಣ ತುದಿಯಲ್ಲಿ ಥ್ರೆಡ್ಡು, ಅದಕ್ಕೊಂದು ವಾಷರ್ರು, ಒಂದು ನಟ್ಟು. ಆ ನಟ್ಟು ಪಿನ್ನನ್ನು ಎಳೆದು ಬಿಗಿಮಾಡುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ಇಲ್ಲ. ಬಿಗಿ ಮಾಡುವುದು ಸುತ್ತಿಗೆ. ಪಿನ್ನು ವಾಪಸ್ಸು ಜಾರದ ಹಾಗೆ ಕಾವಲು ಕಾಯುವುದಷ್ಟೇ ನಟ್ಟಿನ ಕೆಲಸ.

ಈ ಪಿನ್ನಿನ ಮೇಲೆ ಬೀಳುವ ಭಾರ ಎಷ್ಟು ಗೊತ್ತೆ? ಅರವತ್ತು ಕಿಲೋ ತೂಕದ ಮನುಷ್ಯ ಏರಿನಲ್ಲಿ ಎದ್ದು ನಿಂತು ಒಂದೇ ಪೆಡ್ಲಿನ ಮೇಲೆ ಮೈಭಾರ ಬಿಟ್ಟ ಎಂದಿಟ್ಟುಕೊಳ್ಳಿ. ಕ್ರ್ಯಾಂಕಿನ ಉದ್ದ 165 ಮಿಲಿಮೀಟರು, ಆಕ್ಸಲಿನ ನಡುವಿನಿಂದ ಅಂಚಿಗೆ 8 ಮಿಲಿಮೀಟರು. ಅಂದರೆ ಇಪ್ಪತ್ತು ಪಟ್ಟು ಮೀಟುಗೋಲು. ಅರವತ್ತನ್ನು ಇಪ್ಪತ್ತರಿಂದ ಗುಣಿಸಿ: ಒಂದು ಟನ್ನಿಗೂ ಮೇಲೆ, ಸಾವಿರದ ಇನ್ನೂರು ಕಿಲೋ. ಹಿಂದೆ ಸೊಪ್ಪಿನ ಹೊರೆ ಇದ್ದು ನಂದಿ ಕಡೆಯಿಂದ ಏರು ತುಳಿಯುತ್ತಿದ್ದರೆ ಒಂದೊಂದು ತುಳಿತಕ್ಕೂ ಇಷ್ಟು ಬಲ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ವರ್ಷಗಟ್ಟಲೆ ಹೀಗೆ ಒತ್ತಿಸಿಕೊಂಡ ಬೆಣೆ ತಾನಾಗಿ ಸಡಿಲವಾಗಲಿ ಎಂದರೆ ಆದೀತೆ?

ಒತ್ತಡದ ಮೇಲೆ ತುಕ್ಕು. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆ ಒಣ ಜಿಲ್ಲೆ. ಹೊಳೆಗಳು ಇಲ್ಲೇ ಹುಟ್ಟಿ ಬೇರೆಯವರ ಊರಿಗೆ ಹರಿದು ಹೋಗುವ ಸೀಮೆ. ಮಂಗಳೂರು, ಕಾಸರಗೋಡಿನ ಕಡಲ ಗಾಳಿಗೆ ಕಬ್ಬಿಣ ಕರಗುವ ಹಾಗೆ ಇಲ್ಲಿ ಕರಗಬಾರದು. ಬಯಲಲ್ಲಿ, ಜಗಲಿಯ ಮೇಲೆ ನಿಂತ ಸೈಕಲ್ಲಿನ ಪಿನ್ನು ಇಲ್ಲಿ ಹೆಚ್ಚು ಹಠ ಮಾಡುವುದೂ ಇಲ್ಲ. ಹಠ ಮಾಡುವುದು ಹುಳದ ಮನೆಯಲ್ಲಿ ನಿಂತ ಸೈಕಲ್ಲು. ಚಾಕಿ ಹುಳಕ್ಕೆ, ಅಂದರೆ ಎಳೆಯ ಹುಳಕ್ಕೆ, ನೂರಕ್ಕೆ ಎಂಬತ್ತರ ಮೇಲೆ ಗಾಳಿಯ ತೇವ ಬೇಕು, 26ರಿಂದ 28 ಡಿಗ್ರಿ ಬಿಸಿ ಬೇಕು. ಅದಕ್ಕೆಂದೇ ಗೋಣಿ ನೆನೆಸಿ ಕಟ್ಟುತ್ತಾರೆ. ಬೆಳೆ ಮುಗಿದ ಮೇಲೆ ಮನೆ ತೊಳೆಯಲು ನೂರಕ್ಕೆ ಎರಡು ಭಾಗ ಬ್ಲೀಚಿಂಗ್ ಪುಡಿ, ಜೊತೆಗೆ ಸ್ವಲ್ಪ ಸುಣ್ಣ ಕಲಸಿ ಸಿಂಪಡಿಸುತ್ತಾರೆ. ರೋಗ ಬಾರದಿರಲಿ ಎಂದು ಮಾಡುವ ಈ ಕೆಲಸ ಹುಳಕ್ಕೆ ಒಳ್ಳೆಯದು, ಉಕ್ಕಿಗೆ ವಿಷ. ಬ್ಲೀಚಿಂಗಿನ ಕ್ಲೋರಿನ್ ಗಾಳಿ, ಬೆಚ್ಚನೆ ತೇವ, ಪಕ್ಕದಲ್ಲಿ ಒಡೆದ ಪೊಟ್ಯಾಷ್ ಚೀಲ. ತುಕ್ಕಿಗೆ ಇದಕ್ಕಿಂತ ಒಳ್ಳೆಯ ಮಾವನ ಮನೆ ಇಲ್ಲ. ಸೈಕಲ್ಲು ರಿಪೇರಿಯ ಯಾವ ಪುಸ್ತಕದಲ್ಲೂ ರೇಷ್ಮೆ ಹುಳದ ಹೆಸರು ಬರಲಾರದು. ನಮ್ಮ ಕಡೆ ಒಂದು ಪುಸ್ತಕ ಬರೆದರೆ ಮೊದಲ ಪುಟದಲ್ಲೇ ಬರಬೇಕು.

ತುಕ್ಕು ಬರೀ ಅಂಟಲ್ಲ, ಅದು ಊದುತ್ತದೆ. ಒಂದು ಪಾಲು ಕಬ್ಬಿಣ ತುಕ್ಕಾದಾಗ ಎರಡು ಪಾಲಿಗೂ ಹೆಚ್ಚು ಜಾಗ ಕೇಳುತ್ತದೆ. ಪಿನ್ನಿಗೂ ತೂತಿಗೂ ನಡುವೆ ಕೂದಲೆಳೆಯಷ್ಟೂ ಜಾಗ ಇಲ್ಲದ ಕಡೆ ಅದು ಊದಿದರೆ ಬೆಣೆಯ ಸುತ್ತ ಇನ್ನೊಂದು ಬೆಣೆ ಹೊಡೆದ ಹಾಗಾಯಿತು. ನಂದಿಯ ಸುತ್ತ ಕಲ್ಲು ಒಡೆಯುವವರನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅವರು ಬಂಡೆಯ ಮೇಲೆ ಸಾಲಾಗಿ ತೂತು ಕೊರೆದು, ಒಂದೊಂದಕ್ಕೂ ಬೆಣೆ ಕೂರಿಸಿ, ಸಾಲಿನುದ್ದಕ್ಕೂ ಹದವಾಗಿ ಹೊಡೆಯುತ್ತ ಹೋಗುತ್ತಾರೆ. ಕಿವಿ ಕೊಟ್ಟು ಕೇಳುತ್ತಾರೆ. ಸದ್ದು ಬದಲಾಯಿತೋ, ಬಂಡೆ ಗೆರೆ ಎಳೆದ ಹಾಗೆ ಸೀಳುತ್ತದೆ. ಅವರದು ಬೆಣೆ ಹೊಡೆದು ಬಿಡಿಸುವ ವಿದ್ಯೆ, ನಮ್ಮದು ಕೂತ ಬೆಣೆಯನ್ನು ವಾಪಸ್ಸು ಕಳಿಸುವ ವಿದ್ಯೆ. ಎರಡರಲ್ಲೂ ತೋಳಿನ ಶಕ್ತಿಗಿಂತ ಪೆಟ್ಟು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬ ಲೆಕ್ಕ ದೊಡ್ಡದು.

ಚಿಕ್ಕಬಳ್ಳಾಪುರದ ಒಂದು ಸೈಕಲ್ ಶಾಪಿನ ಮುಂದೆ ಕೇಳಿದ ಮಾತು ಹೇಳುತ್ತೇನೆ. ಹುಡುಗನೊಬ್ಬ ಸೈಕಲ್ಲನ್ನು ಸ್ಟ್ಯಾಂಡು ಹಾಕಿ ನಿಲ್ಲಿಸಿ, ಸಣ್ಣ ಸುತ್ತಿಗೆಯಲ್ಲಿ ಪಿನ್ನಿನ ತುದಿಗೆ ಟಕಟಕನೆ ಬಡಿಯುತ್ತಿದ್ದ. ಪಕ್ಕದಲ್ಲಿ ಟ್ಯೂಬಿಗೆ ಪಂಚರು ಹಾಕುತ್ತಿದ್ದ ಮುದುಕರು ತಲೆ ಎತ್ತದೆ ಕೇಳಿದರು:

"ಏನಪ್ಪಾ, ಬಂತಾ?"

"ಹೊಡೀತಾನೇ ಇದ್ದೀನಿ ತಾತ, ಅಲ್ಲಾಡ್ತಾನೇ ಇಲ್ಲ."

"ಎಲ್ಲಿ ಬರ್ತದೆ. ನೀನು ಹೊಡೀತಿರೋದು ಪಿನ್ನಿಗಲ್ಲ ಕಣಪ್ಪ, ಒಳಗಿನ ಗುಂಡಿಗೆ. ಕೆಳಗೆ ಏನು ಆನಿಸಿದ್ದೀಯ?"

"ಏನೂ ಇಲ್ಲ ತಾತ."

"ಮತ್ತೆ?"

ಎಲ್ಲಾ ವಿದ್ಯೆಯೂ ಆ "ಮತ್ತೆ?"ಯಲ್ಲಿದೆ. ಕೆಳಗೆ ಆನಿಕೆ ಇಲ್ಲದೆ ಹೊಡೆದರೆ ಕ್ರ್ಯಾಂಕು ಸ್ವಲ್ಪ ಬಗ್ಗಿ ಮೇಲೆದ್ದು ಪೆಟ್ಟನ್ನು ನುಂಗಿಬಿಡುತ್ತದೆ. ಟೈರಿನ ಗಾಳಿ ಅರ್ಧ ನುಂಗುತ್ತದೆ, ಸ್ಟ್ಯಾಂಡು ಕಾಲು ಭಾಗ ನುಂಗುತ್ತದೆ. ಉಳಿದದ್ದು ಬಿ.ಬಿ. ಕಪ್ಪಿನೊಳಗಿನ ಕಾಲಿಂಚಿನ ಗುಂಡುಗಳ ಮೇಲೆ ಬಿದ್ದು ಕಪ್ಪಿನಲ್ಲಿ ಕುಳಿ ಮಾಡುತ್ತದೆ. ಪಿನ್ನಿಗೆ ಮುಟ್ಟಿದ ಚೂರುಪಾರು ಅದರ ತಲೆಯನ್ನು ಅಣಬೆಯ ಹಾಗೆ ಅರಳಿಸುತ್ತದೆ. ಅರಳಿದ ಪಿನ್ನು ತೂತಿನಲ್ಲಿ ಇನ್ನೂ ಬಿಗಿ. ನೂರು ಸಣ್ಣ ಪೆಟ್ಟು ಹೊಡೆದವನು ಪಿನ್ನನ್ನು ತೆಗೆಯುತ್ತಿಲ್ಲ, ರಿವೆಟ್ಟು ಮಾಡುತ್ತಿದ್ದಾನೆ.

ಸರಿ, ಹಾಗಾದರೆ ಹೇಗೆ? ಹಿಂದಿನ ರಾತ್ರಿಯೇ ಕೆಲಸ ಶುರು ಮಾಡಬೇಕು. ತಂತಿ ಬ್ರಷ್ಷಿನಲ್ಲಿ ನಟ್ಟಿನ ಸುತ್ತ, ಪಿನ್ನಿನ ಎರಡು ಬದಿಯೂ ಉಜ್ಜಿ ಮಣ್ಣು, ಹಳೇ ಗ್ರೀಸು ತೆಗೆಯಿರಿ. ತುಕ್ಕು ಬಿಡಿಸುವ ಎಣ್ಣೆಯ ಡಬ್ಬಿ ಈಗ ಹಾರ್ಡ್‌ವೇರ್ ಅಂಗಡಿಯಲ್ಲೆಲ್ಲ ಸಿಗುತ್ತದೆ. ಇಲ್ಲದಿದ್ದರೆ ಡೀಸೆಲ್ಲಿಗೆ ಸ್ವಲ್ಪ ಇಂಜಿನ್ ಆಯಿಲ್ ಬೆರೆಸಿ. ಹಿಂದೆ ಸೀಮೆಎಣ್ಣೆ ಇತ್ತು, ಈಗ ಅದನ್ನು ಹುಡುಕುವುದೇ ಕಷ್ಟ. ಪಿನ್ನಿನ ಎರಡು ತುದಿಗೂ, ಆಕ್ಸಲು ಕ್ರ್ಯಾಂಕನ್ನು ಸೇರುವ ಸಂದಿಗೂ ಬಿಟ್ಟು, ಸೈಕಲ್ಲನ್ನು ಒಂದು ಮಗ್ಗುಲಿಗೆ ಮಲಗಿಸಿ. ಬೆಳಿಗ್ಗೆ ಮತ್ತೊಮ್ಮೆ ಬಿಡಿ. ಎಣ್ಣೆ ಒಳಗೆ ಇಳಿಯಲು ಅದಕ್ಕೆ ಬೇಕಾದಷ್ಟು ಹೊತ್ತು ತೆಗೆದುಕೊಳ್ಳುತ್ತದೆ, ನಮ್ಮ ಅವಸರ ಅದಕ್ಕೆ ಗೊತ್ತಿಲ್ಲ.

ಮುಂದೆ ಆನಿಕೆ. ಅರ್ಧ ಇಂಚಿನ ಕಬ್ಬಿಣದ ನೀರಿನ ಪೈಪು ಒಂದು ತುಂಡು ಸಾಕು. ಅದರ ಒಳಬಾಯಿ ಪಿನ್ನಿನ ದಪ್ಪ ತುದಿ ಇಳಿಯುವಷ್ಟು ಅಗಲವಿರುತ್ತದೆ, ಅಂಚು ಕ್ರ್ಯಾಂಕಿನ ತಲೆಗೆ ಸರಿಯಾಗಿ ಆನುತ್ತದೆ. ಕ್ರ್ಯಾಂಕನ್ನು ನೆಲಕ್ಕೆ ಸಮವಾಗಿ ಮಲಗಿದಂತೆ ತಿರುಗಿಸಿ, ನಟ್ಟು ಮೇಲಕ್ಕೆ ಬರುವ ಹಾಗೆ. ಆಗ ಪಿನ್ನು ನೆಟ್ಟಗೆ ನಿಲ್ಲುತ್ತದೆ. ಪಿನ್ನಿನ ಕೆಳಗಿನ ಬಾಯಿಯಿಂದ ನೆಲಕ್ಕೆ ಅಳೆದುಕೊಳ್ಳಿ. 28 ಇಂಚಿನ ಚಕ್ರದ ಸೈಕಲ್ಲಿಗೆ ಹತ್ತು, ಹನ್ನೊಂದು ಇಂಚು ಬರುತ್ತದೆ. ಪೈಪನ್ನು ಅದಕ್ಕಿಂತ ಒಂದು ಬೆರಳಗಲ ಉದ್ದಕ್ಕೆ ಕೊಯ್ದರೆ ಸೈಕಲ್ಲಿನ ಭಾರವೆಲ್ಲ ಚಕ್ರ ಬಿಟ್ಟು ಪೈಪಿನ ಮೇಲೆ ಕೂರುತ್ತದೆ. ಪೈಪು ನಿಲ್ಲಬೇಕಾದದ್ದು ಕಲ್ಲು ಚಪ್ಪಡಿಯ ಮೇಲೆ; ನಮ್ಮ ಕಡೆ ಅದಕ್ಕೇನು ಬರವಿಲ್ಲ. ಮಣ್ಣಿನ ಮೇಲೆ ನಿಲ್ಲಿಸಿದರೆ ಮಣ್ಣು ಪೆಟ್ಟು ತಿನ್ನುತ್ತದೆ. ಸೈಕಲ್ಲು ಹಿಡಿಯಲು ಒಬ್ಬರು ಬೇಕೇ ಬೇಕು, ತಾತನೇ ಹಿಡಿಯಲಿ, ಹೇಳಿಕೊಡುವ ಸುಖವೂ ಅವರಿಗೇ ಸಿಗಲಿ.

ನಟ್ಟನ್ನು ಪೂರಾ ಬಿಚ್ಚಬೇಡಿ. ಅದರ ಮೇಲಂಚು ಪಿನ್ನಿನ ತುದಿಗೆ ಸಮವಾಗುವವರೆಗೆ ಸಡಿಲಿಸಿ ಬಿಡಿ. ಪೆಟ್ಟು ಬಿದ್ದಾಗ ಪಿನ್ನು ಬಗ್ಗದ ಹಾಗೆ, ಥ್ರೆಡ್ಡು ಚಪ್ಪಟೆಯಾಗದ ಹಾಗೆ ಅದೇ ಕಾಯುತ್ತದೆ. ಮೇಲೆ ಒಂದು ಹಿತ್ತಾಳೆ ತುಂಡು ಇಟ್ಟುಕೊಂಡರೆ ಇನ್ನೂ ಲೇಸು. ಸುತ್ತಿಗೆ ದೊಡ್ಡದಿರಲಿ, ಎರಡು ಪೌಂಡಿನದು. ಕಣ್ಣಿಗೆ ಕನ್ನಡಕ ಹಾಕಿ. ತುಕ್ಕಿನ ಚಕ್ಕೆ ಎಲ್ಲಿ ಹಾರುತ್ತದೆ ಎಂದು ಹೇಳುವ ಹಾಗಿಲ್ಲ. ಆಮೇಲೆ ಒಂದೇ ಪೆಟ್ಟು. ಅಳುಕಿ ಹೊಡೆದದ್ದಾಗಬಾರದು, ಸಿಟ್ಟಿನಿಂದ ಹೊಡೆದದ್ದೂ ಆಗಬಾರದು. ಸುತ್ತಿಗೆಯ ಭಾರವನ್ನು ನೇರವಾಗಿ ಬಿಡುವ ಪೆಟ್ಟು. ಪೈಪು ಸರಿ ಆನಿದ್ದರೆ ಸದ್ದಿನಲ್ಲೇ ಗೊತ್ತಾಗುತ್ತದೆ. ಬಹುಪಾಲು ಪಿನ್ನುಗಳು ಎರಡನೆಯದಕ್ಕೋ ಮೂರನೆಯದಕ್ಕೋ ಜಾರುತ್ತವೆ. ನಟ್ಟು ವಾಷರಿಗೆ ತಾಗಿತೋ, ಪಿನ್ನು ಸರಿಯಿತು ಎಂದರ್ಥ; ನಟ್ಟು ತೆಗೆದು, ಒಂದು ಸಣ್ಣ ಪಂಚು ಇಟ್ಟು ಕೆಳಗೆ ತಳ್ಳಿದರಾಯಿತು.

ನಾಲ್ಕಾರು ಒಳ್ಳೆಯ ಪೆಟ್ಟಿಗೂ ಬರಲಿಲ್ಲವೆಂದರೆ ಸುತ್ತಿಗೆ ಕೆಳಗಿಡಿ. ವೈಸ್ ಇರುವ ಶಾಪಿಗೆ ಹೋಗುವುದು ಬುದ್ಧಿವಂತಿಕೆ. ಪಿನ್ನಿನ ದಪ್ಪ ತುದಿಯ ಕಡೆ ಒಂದು ಬಾಕ್ಸ್ ಸ್ಪ್ಯಾನರಿನ ಸಾಕೆಟ್ಟು ಇಟ್ಟು, ಸಣ್ಣ ತುದಿಯನ್ನು ವೈಸಿನ ದವಡೆಗೆ ಕೊಟ್ಟು ಬಿಗಿ ಮಾಡುತ್ತ ಹೋಗಿ. ತಡೆಯುವಷ್ಟು ಬಿಗಿಯಾದ ಮೇಲೆ ಕ್ರ್ಯಾಂಕಿನ ತಲೆಗೆ ಪಕ್ಕದಿಂದ ಒಂದು ಪೆಟ್ಟು. ಒತ್ತಡವೂ ಅದುರುವಿಕೆಯೂ ಒಟ್ಟಿಗೆ ಬಂದಾಗ ತುಕ್ಕಿನ ಹಿಡಿತ ಪಟ್ಟೆಂದು ಬಿಡುತ್ತದೆ. ಗುಂಡಿಗೂ ಕಪ್ಪಿಗೂ ಪೆಟ್ಟು ತಗಲುವುದಿಲ್ಲ. ನನ್ನ ಕೇಳಿದರೆ ಮೊದಲಿಗೇ ಇದನ್ನು ಮಾಡುವುದು ಒಳ್ಳೆಯದು, ಆದರೆ ವೈಸ್ ಎಲ್ಲರ ಮನೆಯಲ್ಲೂ ಇರುವುದಿಲ್ಲ.

ಅದಕ್ಕೂ ಬಗ್ಗದ್ದಕ್ಕೆ ಬೆಂಕಿ. ಉಕ್ಕು ಬಿಸಿಯಾದರೆ ಹಿಗ್ಗುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ, ಎಷ್ಟು ಎಂದು ಯಾರೂ ಲೆಕ್ಕ ಹಾಕುವುದಿಲ್ಲ. 16 ಮಿಲಿಮೀಟರಿನ ತೂತನ್ನು ಇನ್ನೂರು ಡಿಗ್ರಿ ಹೆಚ್ಚು ಬಿಸಿ ಮಾಡಿದರೆ ಅದು ಅಗಲವಾಗುವುದು ಒಂದು ಮಿಲಿಮೀಟರಿನ ನೂರರಲ್ಲಿ ನಾಲ್ಕು ಭಾಗ. ಒಂದು ಕೂದಲಿನ ದಪ್ಪಕ್ಕೂ ಕಡಿಮೆ. ಆದರೆ ತುಕ್ಕಿನ ಪದರ ಒಡೆಯಲು ಅಷ್ಟು ಸಾಕು. ಕ್ರ್ಯಾಂಕಿನ ತಲೆಗೆ ಮಾತ್ರ ಟಾರ್ಚಿನ ಉರಿ ಹಿಡಿದು, ಪಿನ್ನು ಬಿಸಿಯಾಗುವ ಮೊದಲೇ ಪೆಟ್ಟು ಕೊಡಬೇಕು. ಹಿಂದಿನ ದಿನ ಹಾಕಿದ ಡೀಸೆಲ್ಲನ್ನು ಬಟ್ಟೆಯಲ್ಲಿ ಒರೆಸಿ ಒಣಗಿಸದೆ ಉರಿ ಹತ್ತಿರ ತರಬೇಡಿ. ಹುಳದ ಮನೆಯ ಒಳಗೆ, ಒಣ ಸೊಪ್ಪಿನ ಕಡ್ಡಿಯ ಪಕ್ಕ ಈ ಕೆಲಸ ಇಟ್ಟುಕೊಳ್ಳಲೇಬೇಡಿ. ಕ್ರೋಮಿಯಂ ಹೊಳಪು ನೀಲಿ ತಿರುಗುತ್ತದೆ, ಬಣ್ಣ ಸುಡುತ್ತದೆ, ಒಳಗಿನ ಗ್ರೀಸು ಕರಗಿ ಸುರಿಯುತ್ತದೆ. ಗ್ರೀಸು ಹೋದರೆ ಹೋಗಲಿ, ಹೇಗೂ ಹೊಸದು ತುಂಬಬೇಕು.

ಕೊನೆಯದು ಡ್ರಿಲ್ಲು. ಥ್ರೆಡ್ಡಿನ ತುದಿಯನ್ನು ಹ್ಯಾಕ್ಸಾದಲ್ಲಿ ಸಮನಾಗಿ ಕೊಯ್ದು, ನಡುವೆ ಚುಕ್ಕೆ ಹೊಡೆದು, ಮೊದಲು ಸಣ್ಣ ಬಿಟ್ಟು, ಆಮೇಲೆ ದೊಡ್ಡದು. ಪಿನ್ನಿನ ಮೈ ಪೊಳ್ಳಾದ ಮೇಲೆ ಅದು ಒಳಗೇ ಕುಸಿದು ಹೊರಗೆ ಬರುತ್ತದೆ. ಇದು ಸಾಧ್ಯವಾಗುವುದು ಯಾಕೆಂದರೆ ಕಾಟರ್ ಪಿನ್ನು ಮೆದು ಉಕ್ಕಿನದು. ಆಕ್ಸಲು ಗಡಸು, ಪಿನ್ನು ಬೇಕೆಂದೇ ಮೆದು. ಸವೆಯುವುದಾದರೆ ಅದು ಸವೆಯಲಿ, ಮುರಿಯುವುದಾದರೆ ಅದು ಮುರಿಯಲಿ, ಹತ್ತಿಪ್ಪತ್ತು ರೂಪಾಯಿಯ ಪಿನ್ನು ಹೋಗಿ ಆಕ್ಸಲು, ಕ್ರ್ಯಾಂಕು ಉಳಿಯಲಿ ಎಂದು ಮಾಡಿದವರು ಮೊದಲೇ ತೀರ್ಮಾನಿಸಿದ್ದಾರೆ. ಪಿನ್ನನ್ನು ಉಳಿಸಲು ಹೋಗಿ ಕ್ರ್ಯಾಂಕು ಬಗ್ಗಿಸಿಕೊಂಡವರು ಬೇಕಾದಷ್ಟು ಜನ. ಅದರ ಮೇಲೆ ಮರುಕ ಬೇಡ, ಬಿಚ್ಚಿದ ಪಿನ್ನನ್ನು ತಿರುಗಿ ಹಾಕಲೂ ಬೇಡ.

ಈಗ ವಿಶ್ವೇಶ್ವರಯ್ಯನವರ ಮಾತಿಗೆ ಬರುತ್ತೇನೆ. ಪುಣೆಯ ಹತ್ತಿರದ ಖಡಕ್‌ವಾಸ್ಲಾ ಕೆರೆಯಲ್ಲಿ 1903ರಲ್ಲಿ ಅವರು ತಾವೇ ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಕೂರಿಸಿದರು. ನೀರು ಒಂದು ಮಟ್ಟ ಮುಟ್ಟಿದ ಮೇಲೆ ಅವು ತಾವಾಗಿ ತೆರೆದುಕೊಳ್ಳುತ್ತಿದ್ದವು, ಇಳಿದ ಮೇಲೆ ಮುಚ್ಚಿಕೊಳ್ಳುತ್ತಿದ್ದವು. ಕಟ್ಟೆಯನ್ನು ಎತ್ತರಿಸದೆ ಹೆಚ್ಚು ನೀರು ಹಿಡಿದಿಡುವ ಉಪಾಯ ಅದು. ನೀರಿನ ಬಲದ ಎದುರು ಗೋಡೆ ದಪ್ಪ ಮಾಡುವುದಕ್ಕಿಂತ ಆ ಬಲ ಎಲ್ಲಿ ಹೋಗಿ ತೀರಬೇಕು ಎಂದು ಮುಂಚೆಯೇ ಗೊತ್ತುಮಾಡಿದರು. ಅದೇ ವ್ಯವಸ್ಥೆ ಆಮೇಲೆ ಗ್ವಾಲಿಯರಿನ ತಿಗ್ರಾ ಅಣೆಕಟ್ಟಿಗೂ ಕೃಷ್ಣರಾಜಸಾಗರಕ್ಕೂ ಹೋಯಿತು. ದೊಡ್ಡ ಮಾತನ್ನು ಸಣ್ಣ ಪಿನ್ನಿಗೆ ಕಟ್ಟಿಬಿಟ್ಟೆ ಎಂದು ಯಾರಾದರೂ ಅಂದುಕೊಂಡರೆ ಅನ್ನಲಿ. ಪ್ರತಿ ವರ್ಷ ಸೆಪ್ಟೆಂಬರ್ 15ಕ್ಕೆ ಇಂಜಿನಿಯರುಗಳು ಹಾರ ಹಿಡಿದು ಮುದ್ದೇನಹಳ್ಳಿಯ ಸಮಾಧಿಗೆ ಬರುತ್ತಾರೆ, ಸಂತೋಷ. ಅಲ್ಲಿ ಒಂದು ಕಚ್ಚಿಕೊಂಡ ಕ್ರ್ಯಾಂಕು, ಒಂದು ಪೈಪು, ಒಂದು ಸುತ್ತಿಗೆ ಇಟ್ಟು, "ಹೊಡೆಯುವ ಮೊದಲು ಪೈಪಿನ ಕಡೆ ಕೈ ಹಾಕುವವರು ಯಾರು" ಎಂದು ನೋಡುವ ಆಸೆ ನನಗೆ ಬಹಳ ದಿನದಿಂದ ಇದೆ.

ಇನ್ನೊಂದು ಜಾತಿಯ ಸೈಕಲ್ಲಿನ ಮಾತು ಬಿಟ್ಟರೆ ಬೆಂಗಳೂರಿನ ಕೇಳುಗರು ಬೇಸರಪಟ್ಟಾರು. ಶನಿವಾರ, ಭಾನುವಾರ ಕತ್ತಲಿರುವಾಗಲೇ ಹೊರಟು ನಂದಿಬೆಟ್ಟ ಹತ್ತುವವರ ಸೈಕಲ್ಲುಗಳಲ್ಲಿ ಕಾಟರ್ ಪಿನ್ನಿಲ್ಲ. ಅವುಗಳಲ್ಲಿ ತುಸು ಹಳೆಯವಕ್ಕೆ ಆಕ್ಸಲಿನ ತುದಿ ಚೌಕಾಕಾರ, ತುದಿಗೆ ಹೋಗುತ್ತ ಸಣ್ಣದಾಗುವ ಓರೆ, ಕ್ರ್ಯಾಂಕು ಅಲ್ಯೂಮಿನಿಯಮ್ಮಿನದು. ಅಲ್ಲಿ ಬೆಣೆ ಬೇರೆ ಬೇಕಿಲ್ಲ, ಆಕ್ಸಲೇ ಬೆಣೆ. ಅದಕ್ಕೆ ಸುತ್ತಿಗೆ ತೋರಿಸಬಾರದು. ಕ್ರ್ಯಾಂಕಿನ ಬಾಯಲ್ಲಿ 22 ಮಿಲಿಮೀಟರಿನ ಥ್ರೆಡ್ಡು ಇರುತ್ತದೆ, ಅದಕ್ಕೆ ಪುಲ್ಲರ್ ಎಂಬ ಸಣ್ಣ ಸಾಧನ ಕೂರಿಸಿ ತಿರುಗಿಸಿದರೆ ಆಕ್ಸಲನ್ನು ನೂಕಿ ಕ್ರ್ಯಾಂಕನ್ನು ಎಳೆಯುತ್ತದೆ. ಇಲ್ಲಿ ಕೆಲಸ ಕೆಡುವುದು ಎರಡು ಕಾರಣಕ್ಕೆ. ಬೋಲ್ಟು ಬಿಚ್ಚಿದವರು ಅದರ ಕೆಳಗಿನ ವಾಷರ್ರನ್ನು ಒಳಗೇ ಮರೆಯುತ್ತಾರೆ. ಇಲ್ಲವೇ ಪುಲ್ಲರನ್ನು ಎರಡು ಸುತ್ತು ಕೂರಿಸಿ ಸಾಕೆನ್ನುತ್ತಾರೆ. ಎರಡರಲ್ಲೂ ಅಲ್ಯೂಮಿನಿಯಮ್ಮಿನ ಥ್ರೆಡ್ಡು ಸುಲಿದು ಬರುತ್ತದೆ. ಕಚ್ಚಿಕೊಂಡಿದ್ದರೆ ಕುದಿಯುವ ನೀರು ಸುರಿಯಿರಿ. ಅಲ್ಯೂಮಿನಿಯಂ ಉಕ್ಕಿನ ಎರಡು ಪಟ್ಟು ಹಿಗ್ಗುವುದರಿಂದ ಹಿಡಿತ ಬಿಡುತ್ತದೆ. ಪುಲ್ಲರ್ ಇಲ್ಲದವರು ಬೋಲ್ಟು ಬಿಚ್ಚಿ ಊರು ಸುತ್ತಿ ಬಂದರೆ ಕ್ರ್ಯಾಂಕು ತಾನೇ ಸಡಿಲವಾಗುತ್ತದೆ ಎಂಬ ಉಪಾಯ ಹೇಳುತ್ತಾರೆ. ಸಡಿಲವಾಗುವುದು ನಿಜ. ಚೌಕದ ಮೂಲೆಗಳು ದುಂಡಗಾಗಿ ಆ ಕ್ರ್ಯಾಂಕು ಇನ್ಯಾವತ್ತೂ ಬಿಗಿಯಾಗುವುದಿಲ್ಲ ಎಂಬುದೂ ನಿಜ.

ಮತ್ತೆ ನಮ್ಮ ಕರೀ ಸೈಕಲ್ಲಿಗೆ. ಎಡಗಡೆಯ ಕ್ರ್ಯಾಂಕು ಬಂದ ಮೇಲೆ ಬಲಗಡೆಯದೂ ಅದೇ ರೀತಿ. ಒಳಗಿನ ಕಪ್ಪು ಬಿಚ್ಚುವಾಗ ಒಂದು ಎಚ್ಚರ: ಚೈನಿನ ಕಡೆಯ ಕಪ್ಪಿಗೆ ಎಡಮುಖದ ಥ್ರೆಡ್ಡು, ಬಿಚ್ಚಲು ಗಡಿಯಾರದ ಮುಳ್ಳು ಹೋಗುವ ಕಡೆಗೆ ತಿರುಗಿಸಬೇಕು. ಎಡ ಪೆಡ್ಲಿನದೂ ಎಡಮುಖವೇ. ತುಳಿಯುತ್ತ ತುಳಿಯುತ್ತ ಪೆಡ್ಲು ಬಿಚ್ಚಿಕೊಳ್ಳದಿರಲಿ ಎಂದು ಮಾಡಿದ ಏರ್ಪಾಡು. ವಿಮಾನ ಹಾರಿಸುವ ಮೊದಲು ಸೈಕಲ್ ಅಂಗಡಿ ಇಟ್ಟಿದ್ದ ರೈಟ್ ಸೋದರರು 1900ರ ಹೊತ್ತಿಗೆ ತಮ್ಮ ಸೈಕಲ್ಲುಗಳಿಗೆ ಇದನ್ನೇ ಹಾಕುತ್ತಿದ್ದರು. ಗೊತ್ತಿಲ್ಲದವರು ಬಿಚ್ಚುತ್ತೇವೆಂದು ಬಿಗಿ ಮಾಡಿ ಕೈ ಸೋತು ಕೂರುತ್ತಾರೆ. ಕಪ್ಪು ತೆಗೆಯುವಾಗ ಕೆಳಗೆ ಒಂದು ತಟ್ಟೆ ಇಡಿ, ಗುಂಡುಗಳು ಉರುಳಿ ಕೋಳಿಯ ಕೊಕ್ಕಿಗೆ ಸಿಗಬಾರದು. ಬಿಡಿಗುಂಡಾದರೆ ಸಾಮಾನ್ಯವಾಗಿ ಒಂದೊಂದು ಕಡೆಗೆ ಹನ್ನೊಂದು. ಹಳೆಯದನ್ನು ತೊಳೆದು ಹಾಕುವುದಕ್ಕಿಂತ ಹೊಸದು ಹಾಕಿ, ಏನೂ ದುಬಾರಿಯಲ್ಲ.

ಹೊಸ ಪಿನ್ನು ಕೊಳ್ಳುವಾಗ ಹಳೆಯದನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿ, ಎರಡನ್ನೂ ಒಂದೇ ಅಂಗಡಿಯಲ್ಲಿ, ಒಂದೇ ಅಚ್ಚಿನದು ನೋಡಿ ತನ್ನಿ. ಓರೆಯಲ್ಲಿ ಹೆಚ್ಚುಕಡಿಮೆ ಇದ್ದರೆ ಎರಡು ಕ್ರ್ಯಾಂಕೂ ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ. ತುಳಿದಾಗ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ, ಕುಂಟಿದ ಹಾಗಾಗುತ್ತದೆ. ಸ್ವಲ್ಪ ವ್ಯತ್ಯಾಸವನ್ನು ಅರದಿಂದ ತಾಸಿ ಸರಿಮಾಡಬಹುದು. ಕೂರಿಸುವಾಗ ಒಂದರ ನಟ್ಟು ಮೇಲೆ ಬಂದರೆ ಇನ್ನೊಂದರದು ಕೆಳಗೆ ಬರಬೇಕು. ತೆಳ್ಳಗೆ ಗ್ರೀಸು ಸವರಿ, ಅದೇ ಪೈಪನ್ನು ಕೆಳಗೆ ಆನಿಸಿ, ದಪ್ಪ ತುದಿಯ ಮೇಲೆ ಹೊಡೆದು ಕೂರಿಸಿ, ಆಮೇಲೆ ನಟ್ಟು. ಅಲ್ಲಿಗೆ ಮುಗಿಯಿತು ಎಂದು ಬಿಡಬೇಡಿ. ಹೊಸ ಪಿನ್ನು ಮೊದಲ ತುಳಿತಗಳಲ್ಲಿ ಇನ್ನೂ ಸ್ವಲ್ಪ ಒಳಗೆ ಸರಿಯುತ್ತದೆ, ನಟ್ಟು ಸಡಿಲವಾಗುತ್ತದೆ. ಮುದ್ದೇನಹಳ್ಳಿಯಿಂದ ಚಿಕ್ಕಬಳ್ಳಾಪುರ ಆರೇಳು ಕಿಲೋಮೀಟರು. ಹೋಗುವಾಗ ಸ್ಪ್ಯಾನರು ಜೇಬಿನಲ್ಲಿರಲಿ. ಪೇಟೆ ಮುಟ್ಟಿದ ಮೇಲೆ ಪಿನ್ನಿಗೆ ಇನ್ನೊಂದು ಪೆಟ್ಟು ಕೊಟ್ಟು, ನಟ್ಟನ್ನು ಮತ್ತೊಮ್ಮೆ ಬಿಗಿ ಮಾಡಿ, ಆಮೇಲೆ ಕಾಫಿ ಕುಡಿಯಿರಿ.